ಕಿಂಡಿ ಒಂದೇ, ಹಕ್ಕು ಬೇರೆ

ಕಾಸರಗೋಡಿನಲ್ಲಿ ಸಿವಿಲ್ ದಾವೆಗಳನ್ನು ನಡೆಸುವ ಕಿರಿಯ ನ್ಯಾಯವಾದಿಯೊಬ್ಬರ ಕಚೇರಿಗೆ ಮಳೆಗಾಲದ ಒಂದು ಸಂಜೆ ಕುಂಬಳೆ ಕಡೆಯ ವೃದ್ಧ ಕೃಷಿಕರೊಬ್ಬರು ಬಂದರು. ಮರುದಿನ ಸಲ್ಲಿಸಬೇಕಾಗಿದ್ದ ವಾದಪತ್ರಕ್ಕೆ ಅವರ ಸಹಿ ಬೇಕಾಗಿತ್ತು. ವಾದಪತ್ರ ಇಂಗ್ಲಿಷಿನಲ್ಲಿತ್ತು. ವೃದ್ಧರಿಗೆ ಇಂಗ್ಲಿಷ್ ಬಾರದು. ಮಲಯಾಳವನ್ನು ಮಾತನಾಡಬಲ್ಲರಾದರೂ ಓದಲಾರರು. ಆದರೂ ಸಹಿ ಹಾಕುವ ಮುನ್ನ ಪುಟಗಳನ್ನು ಒಂದೊಂದಾಗಿ ತಿರುವಿ, ಕೊನೆಯ ಪುಟದ ಸ್ವತ್ತಿನ ವಿವರದಲ್ಲಿದ್ದ ಒಂದು ಅಂಕೆಯ ಮೇಲೆ ಬೆರಳಿಟ್ಟರು. “ವಕೀಲರೇ, ನಮ್ಮ ಜಾಗೆ ಅರುವತ್ತೊಂಬತ್ತು ಸೆಂಟ್ಸು. ಇಲ್ಲಿ ತೊಂಬತ್ತಾರು ಹೇಗೆ ಬಂತು?”

ವೃದ್ಧರು ತಂದಿದ್ದ 1938ರ ಮೂಲಗೇಣಿ ದಸ್ತಾವೇಜಿನಲ್ಲಿ ಕನ್ನಡ ಅಂಕೆಗಳಲ್ಲಿ ‘೬೯’ ಎಂದೇ ಇತ್ತು. ನ್ಯಾಯವಾದಿ ಅದನ್ನು ಸರಿಯಾಗಿಯೇ ಓದಿದ್ದರು. ಆದರೆ ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್ ಪರದೆಯಲ್ಲಿ ದಸ್ತಾವೇಜಿನ ಸ್ಕ್ಯಾನ್ ಪ್ರತಿಯನ್ನು ನೋಡಿ, ಅದನ್ನು ಮರೆಗೆ ಸರಿಸಿ, ವಾದಪತ್ರವನ್ನು ಮುಂದಕ್ಕೆ ತಂದು ಬೆರಳಚ್ಚಿಸುವ ನಡುವಿನ ಕ್ಷಣದಲ್ಲಿ ಅಂಕೆಗಳು ಮನಸ್ಸಿನೊಳಗೆ ಸ್ಥಾನ ಬದಲಿಸಿದ್ದವು. ೬ ಮತ್ತು ೯ ನೋಟಕ್ಕೆ ಅಕ್ಕತಂಗಿಯರಂತಿರುವುದರಿಂದ ಮರು ಓದಿನಲ್ಲಿಯೂ ತಪ್ಪು ಕಣ್ಣಿಗೆ ಬೀಳಲಿಲ್ಲ. ವ್ಯತ್ಯಾಸ 27 ಸೆಂಟ್ಸ್. ಇಲ್ಲದ ಜಾಗಕ್ಕೆ ಹಕ್ಕು ಹೇಳಿದಂತಾಗುತ್ತಿತ್ತು. ಎದುರು ಕಕ್ಷಿಯ ವಕೀಲರಿಗೆ ಅಷ್ಟು ಸಾಕಾಗಿತ್ತು. ವಾದಪತ್ರವನ್ನು ತಿದ್ದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೆಯ ಆದೇಶದ 17ನೆಯ ನಿಯಮದಲ್ಲಿ ಅವಕಾಶವಿದೆಯಾದರೂ, ಸಾಕ್ಷ್ಯ ವಿಚಾರಣೆ ಆರಂಭವಾದ ಬಳಿಕ ‘ಸಾಕಷ್ಟು ಜಾಗರೂಕತೆ ವಹಿಸಿಯೂ ಮೊದಲೇ ಹೇಳಲಾಗಲಿಲ್ಲ’ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಬೇಕಾಗುತ್ತದೆ. ಕೈಯಲ್ಲಿಯೇ ಇದ್ದ ದಸ್ತಾವೇಜನ್ನು ತಪ್ಪಾಗಿ ನಕಲಿಸಿದವರು ಆ ಮಾತನ್ನು ಯಾವ ಮುಖದಿಂದ ಹೇಳಬೇಕು?

ಇದನ್ನು ಒಬ್ಬರ ಅಜಾಗರೂಕತೆಯೆಂದು ತಳ್ಳಿಹಾಕುವಂತಿಲ್ಲ. 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ತಾಲೂಕಿನಲ್ಲಿ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿವೆ. ಈಗಿನ ಗ್ರಾಮ ಕಚೇರಿಯ ದಾಖಲೆಗಳು ಮಲಯಾಳದಲ್ಲಿವೆ. ವಾದಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತವೆ. ಒಂದೇ ಸ್ವತ್ತಿನ ಚರಿತ್ರೆಯನ್ನು ಮೂರು ಲಿಪಿಗಳಲ್ಲಿ ಓದಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತಾಳೆ ನೋಡುವುದು ಇಲ್ಲಿಯ ನ್ಯಾಯವಾದಿ, ದಸ್ತಾವೇಜು ಬರಹಗಾರ ಮತ್ತು ಭಾಷಾಂತರಕಾರರ ನಿತ್ಯದ ಕೆಲಸ. ‘ಮೂಲಗೇಣಿ’, ‘ಕುಮ್ಕಿ’, ‘ವರ್ಗ’ ಮೊದಲಾದ ಪದಗಳಿಗೆ ಇಂಗ್ಲಿಷಿನಲ್ಲಾಗಲಿ ಮಲಯಾಳದಲ್ಲಾಗಲಿ ಒಂದೇ ಮಾತಿನ ಸಮಾನ ಪದ ದೊರೆಯದಿರುವುದರಿಂದ ಮೂಲವನ್ನು ಕಣ್ಣೆದುರಿನಿಂದ ಸರಿಸದೆಯೇ ಬರೆಯಬೇಕಾಗುತ್ತದೆ. ಕಾಗದದ ಕಾಲದಲ್ಲಿ ಇದು ಕಷ್ಟವಾಗಿರಲಿಲ್ಲ. ಅಗಲವಾದ ಮೇಜಿನ ಮೇಲೆ ಮೂರು ಕಡತಗಳನ್ನು ಬಿಚ್ಚಿಟ್ಟರೆ ಮುಗಿಯುತ್ತಿತ್ತು. ಕೇರಳದ ನ್ಯಾಯಾಲಯಗಳಿಗೆ 2021ರಲ್ಲಿ ವಿದ್ಯುನ್ಮಾನ ದಾಖಲಾತಿಯ ನಿಯಮಗಳು ಬಂದ ಮೇಲೆ ಕಡತ ಲ್ಯಾಪ್‌ಟಾಪಿನೊಳಗೆ ಸೇರಿತು. ಮೂರು ಮಾರು ಅಗಲದ ಮೇಜು ಹದಿನಾಲ್ಕು ಇಂಚಿಗೆ ಇಳಿಯಿತು.

ಹೀಗಿರುವಾಗ ಎರಡನೆಯ ಅಥವಾ ಮೂರನೆಯ ಪರದೆಯನ್ನು ಆಡಂಬರವೆನ್ನಲಾಗದು. ಅದು ಕಳೆದುಹೋದ ಮೇಜನ್ನು ಮರಳಿ ಪಡೆಯುವ ಉಪಾಯ. ಇಪ್ಪತ್ತನಾಲ್ಕು ಇಂಚಿನ ಸಾಮಾನ್ಯ ಮಾನಿಟರಿನ ಪರದೆ ಸುಮಾರು 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರವಿರುತ್ತದೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಅಂದರೆ ಎರಡು ಪುಟಗಳು ಹೆಚ್ಚುಕಡಿಮೆ ನಿಜಗಾತ್ರದಲ್ಲಿಯೇ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಪರದೆಯನ್ನು ನಿಲುವಾಗಿ ತಿರುಗಿಸಬಲ್ಲ ಕಾಲುಳ್ಳ ಮಾನಿಟರಾದರೆ 35 ಸೆಂಟಿಮೀಟರಿಗಿಂತ ಉದ್ದವಾದ ಲೀಗಲ್ ಗಾತ್ರದ ಹಾಳೆಯೂ ತಲೆಯಿಂದ ಬುಡದವರೆಗೆ ಒಂದೇ ನೋಟಕ್ಕೆ ಸಿಗುತ್ತದೆ.

ಕಿರಿಯ ನ್ಯಾಯವಾದಿ ಆ ವಾರವೇ ಇಂತಹ ಎರಡು ಮಾನಿಟರುಗಳನ್ನು ಕೊಂಡರು. ದಿನವೂ ಲ್ಯಾಪ್‌ಟಾಪನ್ನು ನ್ಯಾಯಾಲಯಕ್ಕೆ ಒಯ್ದು, ಸಂಜೆ ಕಚೇರಿಗೆ ಮರಳಿ ಐದಾರು ಕೇಬಲುಗಳನ್ನು ಚುಚ್ಚುತ್ತ ಕೂರುವುದು ಬೇಡವೆಂದು, ಅವನ್ನೆಲ್ಲ ಒಂದೇ ಕೇಬಲಿಗೆ ತರುವ ಡಾಕಿಂಗ್ ಸ್ಟೇಷನ್ ಕೊಳ್ಳಲು ಮಂಗಳೂರಿಗೆ ಹೋದರು. ಡಾಕ್ ಎಂದರೆ ಮೇಜಿನ ಮೇಲೆ ಸ್ಥಿರವಾಗಿ ಕೂರುವ ಒಂದು ಪುಟ್ಟ ಪೆಟ್ಟಿಗೆ. ಮಾನಿಟರು, ಕೀಲಿಮಣೆ, ಮೌಸ್, ಪ್ರಿಂಟರ್, ಜಾಲಸಂಪರ್ಕದ ತಂತಿ ಇವೆಲ್ಲ ಅದಕ್ಕೆ ಸೇರಿರುತ್ತವೆ. ಲ್ಯಾಪ್‌ಟಾಪಿಗೆ ಅದರಿಂದ ಒಂದೇ ಕೇಬಲು ಬರುತ್ತದೆ. “ಎರಡು ಎಚ್‌ಡಿಎಂಐ ಇರುವ ಟೈಪ್-ಸಿ ಡಾಕ್ ಕೊಡಿ” ಎಂದು ನ್ಯಾಯವಾದಿ ಕೇಳಿದರು. “ಇದು ಎಲ್ಲಾ ಲ್ಯಾಪ್‌ಟಾಪಿಗೂ ಆಗ್ತದೆ ಸಾರ್” ಎಂದು ಅಂಗಡಿಯವರು ಒಂದನ್ನು ತೆಗೆದುಕೊಟ್ಟರು.

ಕಚೇರಿಗೆ ತಂದು ಜೋಡಿಸಿದಾಗ ಮೌಸ್ ಓಡಿತು, ಪೆನ್‌ಡ್ರೈವ್ ತೆರೆಯಿತು, ಜಾಲಸಂಪರ್ಕವೂ ಬಂತು. ಎರಡು ಮಾನಿಟರುಗಳು ಮಾತ್ರ ಕತ್ತಲಾಗಿಯೇ ಉಳಿದವು. ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗಲಿಲ್ಲ.

ಕಾರಣವನ್ನು ಹುಡುಕಿದರೆ ದೋಷ ಡಾಕಿನಲ್ಲಿರಲಿಲ್ಲ, ಮಾನಿಟರಿನಲ್ಲಿಯೂ ಇರಲಿಲ್ಲ. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರು; ಅದರ ಸಾಮರ್ಥ್ಯದ ಹೆಸರಲ್ಲ. 2014ರಲ್ಲಿ ಈ ಆಕಾರ ನಿಗದಿಯಾದಾಗ ತಯಾರಕರಿಗೆ ವಿಶಾಲವಾದ ಸ್ವಾತಂತ್ರ್ಯವನ್ನು ಬಿಡಲಾಯಿತು. ಒಂದು ಲ್ಯಾಪ್‌ಟಾಪಿನಲ್ಲಿ ಆ ಕಿಂಡಿ ಕೇವಲ ದತ್ತಾಂಶವನ್ನು ಸಾಗಿಸಬಹುದು. ಇನ್ನೊಂದರಲ್ಲಿ ದತ್ತಾಂಶದೊಡನೆ ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳಬಹುದು. ಮತ್ತೊಂದರಲ್ಲಿ ಚಿತ್ರಸಂಕೇತವನ್ನೂ ಹೊರಗೆ ಕಳುಹಿಸಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಒಂದೇ ಬಗೆಯ ಆವರಣಗೋಡೆಯುಳ್ಳ ಮೂರು ಹಿತ್ತಿಲುಗಳಲ್ಲಿ ಒಂದು ಮೂಲಗೇಣಿಯದು, ಒಂದು ಚಾಲಗೇಣಿಯದು, ಇನ್ನೊಂದು ಅಡವಿನದು ಆಗಿರಬಹುದಾದಂತೆ, ಹಕ್ಕು ಏನೆಂಬುದು ಗೋಡೆಯನ್ನು ನೋಡಿದರೆ ತಿಳಿಯದು, ದಸ್ತಾವೇಜನ್ನೇ ಓದಬೇಕು. ನ್ಯಾಯವಾದಿಯ ಲ್ಯಾಪ್‌ಟಾಪಿನ ಕಿಂಡಿಗೆ ಇದ್ದ ಹಕ್ಕು ದತ್ತಾಂಶದ್ದು ಮಾತ್ರ.

ಆದುದರಿಂದ ಡಾಕಿನ ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ; ಈಗಾಗಲೇ ಕೈಯಲ್ಲಿರುವ ಲ್ಯಾಪ್‌ಟಾಪಿನ ಪರಿಶೀಲನೆಯಿಂದ ಆರಂಭವಾಗುತ್ತದೆ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಬಾಣದ ಗುರುತಿದ್ದರೆ ಅದು ಥಂಡರ್‌ಬೋಲ್ಟ್. ಡಿ ಮತ್ತು ಪಿ ಅಕ್ಷರಗಳನ್ನು ಸೇರಿಸಿದ ಗುರುತಿದ್ದರೆ ಡಿಸ್‌ಪ್ಲೇಪೋರ್ಟ್ ಸಂಕೇತ ಹೊರಡುತ್ತದೆಂದು ಅರ್ಥ. ಎಲ್ಲ ತಯಾರಕರೂ ಗುರುತು ಹಾಕುವುದಿಲ್ಲವಾದ್ದರಿಂದ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ತಾಂತ್ರಿಕ ವಿವರಪಟ್ಟಿಯಲ್ಲಿ ಆ ಕಿಂಡಿಯ ಎದುರು ಏನು ಬರೆದಿದೆಯೆಂದು ನೋಡಬೇಕು. ಅಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’, ‘ಯುಎಸ್‌ಬಿ4’ ಅಥವಾ ‘ಥಂಡರ್‌ಬೋಲ್ಟ್’ ಎಂಬ ಮಾತಿದ್ದರೆ ಚಿತ್ರ ಹೊರಡುತ್ತದೆ. ‘ಪವರ್ ಡೆಲಿವರಿ’ ಎಂದಿದ್ದರೆ ಡಾಕಿನ ಮೂಲಕ ಚಾರ್ಜ್ ಮಾಡುವ ಸಾಧ್ಯತೆಯುಂಟು. ಎರಡೂ ಇಲ್ಲದೆ ಬರಿಯ ವೇಗದ ಸಂಖ್ಯೆಯಷ್ಟೇ ಇದ್ದರೆ ದತ್ತಾಂಶಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸದಿರುವುದೇ ಕ್ಷೇಮ.

ಡಾಕುಗಳಲ್ಲಿ ಸ್ಥೂಲವಾಗಿ ಮೂರು ಜಾತಿ. ಮೊದಲನೆಯದು ಸಾಧಾರಣ ಯುಎಸ್‌ಬಿ-ಸಿ ಡಾಕ್. ಇದು ಲ್ಯಾಪ್‌ಟಾಪ್ ಕಳುಹಿಸುವ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಎರಡು ಪರದೆಗಳಿಗೆ ಹಂಚುತ್ತದೆ. ಈ ಹಂಚಿಕೆಯ ವಿಧಾನವನ್ನು ಎಂಎಸ್‌ಟಿ ಎನ್ನುತ್ತಾರೆ. 2010ರ ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಇದು ಸೇರಿತು. ವಿಂಡೋಸ್ ಇದನ್ನು ಒಪ್ಪುತ್ತದೆ. ಆಪಲ್ ಮ್ಯಾಕ್ ಒಪ್ಪುವುದಿಲ್ಲ. ಮ್ಯಾಕ್‌ನಲ್ಲಿ ಇಂತಹ ಡಾಕಿನ ಎರಡು ಪರದೆಗಳೂ ಒಂದೇ ಚಿತ್ರವನ್ನು ತೋರಿಸುತ್ತವೆ. ಎರಡನೆಯದು ಥಂಡರ್‌ಬೋಲ್ಟ್ ಡಾಕ್. ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸುವ ವಿಶಾಲ ದಾರಿ ಇದರದು. 2020ರಲ್ಲಿ ಬಂದ ಥಂಡರ್‌ಬೋಲ್ಟ್ 4ರ ಗುರುತುಳ್ಳ ಲ್ಯಾಪ್‌ಟಾಪ್ ಎರಡು 4ಕೆ ಪರದೆಗಳನ್ನು ನಡೆಸಲೇಬೇಕೆಂಬುದು ಆ ಗುರುತಿನ ಷರತ್ತು. ಬೆಲೆಯೂ ಅದಕ್ಕೆ ತಕ್ಕಂತೆ ಬಹಳ ಹೆಚ್ಚು. ಮೂರನೆಯದು ಡಿಸ್‌ಪ್ಲೇಲಿಂಕ್ ಡಾಕ್. ಲ್ಯಾಪ್‌ಟಾಪಿನಲ್ಲಿ ಒಂದು ತಂತ್ರಾಂಶವನ್ನು ಅಳವಡಿಸಿದರೆ, ಅದು ಪರದೆಯ ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ದತ್ತಾಂಶದ ರೂಪದಲ್ಲಿ ಕಳುಹಿಸುತ್ತದೆ; ಡಾಕಿನೊಳಗಿನ ಚಿಪ್ ಅದನ್ನು ಮತ್ತೆ ಚಿತ್ರವಾಗಿ ಬಿಡಿಸುತ್ತದೆ. ಚಿತ್ರವನ್ನು ಕಳುಹಿಸಲಾರದ ಕಿಂಡಿಗೆ, ಹಳೆಯ ಚೌಕ ಯುಎಸ್‌ಬಿ ಕಿಂಡಿಗೂ ಸಹ, ಇದೊಂದೇ ಮಾರ್ಗ.

ಡಿಸ್‌ಪ್ಲೇಲಿಂಕಿಗೆ ಅದರದೇ ಮಿತಿಗಳಿವೆ. ಕುಗ್ಗಿಸುವ ಕೆಲಸವನ್ನು ಲ್ಯಾಪ್‌ಟಾಪಿನ ಪ್ರೊಸೆಸರ್ ಮಾಡಬೇಕಾದ್ದರಿಂದ ಹಳೆಯ ಯಂತ್ರ ಸ್ವಲ್ಪ ಬಸವಳಿಯುತ್ತದೆ. ಪೂರ್ಣ ಪರದೆಯ ವಿಡಿಯೊ ಅಥವಾ ಆಟಕ್ಕೆ ಇದು ತಕ್ಕುದಲ್ಲ. ನಕಲು ರಕ್ಷಣೆಯುಳ್ಳ ಚಲನಚಿತ್ರಗಳು ಕಪ್ಪಾಗಿ ಕಾಣಬಹುದು. ಲ್ಯಾಪ್‌ಟಾಪ್ ಪೂರ್ತಿ ಚಾಲೂ ಆಗಿ ತಂತ್ರಾಂಶ ಎಚ್ಚರಗೊಳ್ಳುವವರೆಗೆ ಪರದೆಯಲ್ಲಿ ಏನೂ ಬಾರದು. ಆದರೆ ದಸ್ತಾವೇಜು, ತೀರ್ಪು, ಬೆರಳಚ್ಚಿನ ಪುಟ ಇವು ನಿಶ್ಚಲವಾದ ಚಿತ್ರಗಳು. ಅವುಗಳಿಗೆ ಈ ಮಿತಿಗಳು ಬಹುಮಟ್ಟಿಗೆ ಅಡ್ಡಬಾರವು.

ಮ್ಯಾಕ್‌ಬುಕ್ ಏರ್ ಉಳ್ಳವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. 2020ರ ಎಂ1 ಮತ್ತು 2022ರ ಎಂ2 ಚಿಪ್ಪಿನ ಏರ್ ಮಾದರಿಗಳು ಹೊರಗಿನ ಒಂದೇ ಪರದೆಯನ್ನು ನಡೆಸುವಂತೆ ರಚಿತವಾಗಿವೆ. ಎಷ್ಟು ಬೆಲೆಯ ಥಂಡರ್‌ಬೋಲ್ಟ್ ಡಾಕ್ ತಂದರೂ ಎರಡನೆಯದು ಬೆಳಗದು. 2024ರ ಎಂ3 ಮಾದರಿಯಲ್ಲಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿದರೆ ಎರಡು, 2025ರ ಎಂ4 ಮಾದರಿಯಲ್ಲಿ ಮುಚ್ಚಳ ತೆರೆದಿರುವಾಗಲೂ ಎರಡು ನಡೆಯುತ್ತವೆ. ಹಳೆಯ ಎರಡು ಮಾದರಿಗಳಿಗೆ ಎರಡನೆಯ ಹೊರಪರದೆ ಬೇಕಾದರೆ ಡಿಸ್‌ಪ್ಲೇಲಿಂಕನ್ನೇ ಆಶ್ರಯಿಸಬೇಕು.

ಪರದೆಗಳು ಎಷ್ಟು ಸೂಕ್ಷ್ಮವಾಗಿರಬೇಕೆಂಬುದು ಮುಂದಿನ ಪ್ರಶ್ನೆ. ಇದು ಬರಿಯ ಗುಣಾಕಾರದ ಲೆಕ್ಕ. ಪೂರ್ಣ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ 24 ಬಿಟ್‌ನಂತೆ ಸೆಕೆಂಡಿಗೆ 60 ಸಲ ಚಿತ್ರವನ್ನು ಕಳುಹಿಸಲು ಸುಮಾರು 3 ಗಿಗಾಬಿಟ್ ಬೇಕು. 4ಕೆ ಪರದೆಯಲ್ಲಿ ಚುಕ್ಕೆಗಳು ನಾಲ್ಕು ಪಟ್ಟು. ಅದಕ್ಕೆ ಸುಮಾರು 12 ಗಿಗಾಬಿಟ್ ಬೇಕು. ಡಿಸ್‌ಪ್ಲೇಪೋರ್ಟ್ 1.2ರ ವೇಗದ ಸಾಧಾರಣ ಡಾಕ್ ಕಿಂಡಿಯ ನಾಲ್ಕು ಓಣಿಗಳಲ್ಲಿ ಎರಡನ್ನು ವೇಗದ ದತ್ತಾಂಶಕ್ಕೆ ಬಿಟ್ಟು ಉಳಿದ ಎರಡರಲ್ಲಿ ಚಿತ್ರವನ್ನು ಸಾಗಿಸಿದರೆ, ಚಿತ್ರಕ್ಕೆ ದೊರೆಯುವುದು 8.64 ಗಿಗಾಬಿಟ್. ಅದರಲ್ಲಿ ಎರಡು ಪೂರ್ಣ ಎಚ್‌ಡಿ ಪರದೆಗಳು ಸುಖವಾಗಿ ಹಿಡಿಯುತ್ತವೆ. 4ಕೆ ಪರದೆ ಒಂದೂ 60ರ ವೇಗದಲ್ಲಿ ಹಿಡಿಯದು. ಆಗ ಅದು 30ಕ್ಕೆ ಇಳಿಯುತ್ತದೆ. ಮೌಸಿನ ಬಾಣ ತಡವರಿಸುತ್ತ ಚಲಿಸಿ ಕಣ್ಣಿಗೆ ಆಯಾಸವಾಗುತ್ತದೆ. ಡಾಕಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘4ಕೆ’ ಎಂದು ಮುದ್ರಿಸಿ, ‘30 ಹರ್ಟ್ಸ್’ ಎಂಬುದನ್ನು ಸಣ್ಣಕ್ಷರದಲ್ಲಿಡುವ ರೂಢಿಯಿದೆ. ಎರಡು ಪರದೆಗಳನ್ನು ಒಟ್ಟಿಗೆ ಜೋಡಿಸಿದಾಗ ಪ್ರತಿಯೊಂದಕ್ಕೂ ಎಷ್ಟು ಸಿಗುತ್ತದೆಂಬ ಸಾಲನ್ನು ಹುಡುಕಿ ಓದಬೇಕು. ಇಪ್ಪತ್ತನಾಲ್ಕು ಇಂಚಿನ ಮಾನಿಟರಿನಲ್ಲಿ ಕಡತ ಓದುವವರಿಗೆ ಪೂರ್ಣ ಎಚ್‌ಡಿ ಸಾಕಾಗುತ್ತದೆ. ಹಳೆಯ ಕೈಬರಹದ ಸೂಕ್ಷ್ಮವನ್ನು ಹಿಗ್ಗಿಸಿ ನೋಡಬೇಕಾದವರಿಗೆ ಮೊದಲು ಬೇಕಾದದ್ದು ಒಳ್ಳೆಯ ಸ್ಕ್ಯಾನ್ ಪ್ರತಿ. 4ಕೆ ಆಮೇಲಿನ ಮಾತು.

ವಿದ್ಯುತ್ತಿನ ವಿಷಯದಲ್ಲಿಯೂ ಪೆಟ್ಟಿಗೆಯ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ‘100 ವ್ಯಾಟ್’ ಎಂಬುದು ಎಷ್ಟೋ ಸಲ ಡಾಕ್ ಒಳಗೆ ತೆಗೆದುಕೊಳ್ಳಬಲ್ಲ ವಿದ್ಯುತ್ತೇ ಹೊರತು ಲ್ಯಾಪ್‌ಟಾಪಿಗೆ ಮುಟ್ಟಿಸುವ ವಿದ್ಯುತ್ತಲ್ಲ. ತನ್ನ ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಅದು ಮುಂದೆ ಕಳುಹಿಸುತ್ತದೆ. ಲ್ಯಾಪ್‌ಟಾಪಿನ ಸ್ವಂತ ಚಾರ್ಜರ್ 65 ವ್ಯಾಟಿನದಾದರೆ ಡಾಕ್ ಮುಟ್ಟಿಸುವುದು ಅಷ್ಟಾದರೂ ಇರಬೇಕು. ಗುಂಡುಪಿನ್ನಿನಿಂದಷ್ಟೇ ಚಾರ್ಜ್ ಆಗುವ ಲ್ಯಾಪ್‌ಟಾಪಿಗೆ ಡಾಕ್ ಏನನ್ನೂ ಮುಟ್ಟಿಸಲಾರದು. ಅದರ ಚಾರ್ಜರನ್ನು ಬೇರೆಯಾಗಿಯೇ ಚುಚ್ಚಬೇಕು. ಡಾಕಿನೊಡನೆ ಅಡಾಪ್ಟರ್ ಬಂದಿದ್ದರೆ ಅದರ ಮೇಲೆ ಬಿಐಎಸ್ ಗುರುತು ಮತ್ತು ನೋಂದಣಿ ಸಂಖ್ಯೆ ಇದೆಯೇ ಎಂದು ನೋಡತಕ್ಕದ್ದು. ಮಾಹಿತಿ ತಂತ್ರಜ್ಞಾನ ಉಪಕರಣಗಳ ಅಡಾಪ್ಟರುಗಳಿಗೆ ನಮ್ಮ ದೇಶದಲ್ಲಿ ಅದು ಕಡ್ಡಾಯ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಊರುಗಳಲ್ಲಿ ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟಾದರೂ ಡಾಕಿಗೂ ಮಾನಿಟರುಗಳಿಗೂ ಅದಿಲ್ಲವೆಂಬುದನ್ನು ಮರೆಯಬಾರದು. ಕಡತ ನಕಲಾಗುತ್ತಿರುವಾಗ ಡಾಕ್ ಆರಿದರೆ ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್ ಥಟ್ಟನೆ ಕಳಚಿಕೊಂಡು ಕಡತ ಕೆಡಬಹುದು. ಒಂದು ಸಣ್ಣ ಯುಪಿಎಸ್ ಈ ಮೇಜಿನ ಅವಿಭಾಜ್ಯ ಅಂಗ.

ಕೇಬಲಿನದೂ ಇದೇ ಕಥೆ. ಮೊಬೈಲಿನೊಡನೆ ಬರುವ ಚಾರ್ಜಿಂಗ್ ಕೇಬಲು ಎರಡೂ ತುದಿಗಳಲ್ಲಿ ಯುಎಸ್‌ಬಿ-ಸಿ ಆಗಿದ್ದರೂ, ಹೆಚ್ಚಿನವು ಸೆಕೆಂಡಿಗೆ 480 ಮೆಗಾಬಿಟ್ಟಿನ ಹಳೆಯ ವೇಗದವು. ಚಿತ್ರ ಸಾಗಿಸುವ ಎಳೆಗಳೇ ಅವುಗಳಲ್ಲಿರುವುದಿಲ್ಲ. 60 ವ್ಯಾಟಿಗಿಂತ ಹೆಚ್ಚಿನ ವಿದ್ಯುತ್ತಿಗೆ 5 ಆಂಪಿಯರ್ ತಾಳುವ, ಗುರುತಿನ ಚಿಪ್ಪುಳ್ಳ ಕೇಬಲೇ ಬೇಕು. ಡಾಕಿನೊಡನೆ ಬಂದ ಕೇಬಲನ್ನು ಬೇರೆ ಕೆಲಸಕ್ಕೆ ಬಳಸದೆ ಅದರ ಜೊತೆಯಲ್ಲಿಯೇ ಉಳಿಸಿಕೊಳ್ಳುವುದು ಲೇಸು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಡಾಕ್ ಎಲ್ಲರಿಗೂ ಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿಯಿದ್ದರೆ ಒಂದು ಕೇಬಲಿನಿಂದ ಒಂದು ಮಾನಿಟರನ್ನು ಜೋಡಿಸಬಹುದು. ಲ್ಯಾಪ್‌ಟಾಪಿನ ಪರದೆಯೂ ಸೇರಿ ಎರಡಾದವು. ಮೂಲ ಒಂದರಲ್ಲಿ, ಭಾಷಾಂತರ ಇನ್ನೊಂದರಲ್ಲಿ. ಎಷ್ಟೋ ಕಚೇರಿಗಳ ಅಗತ್ಯ ಇಲ್ಲಿಗೆ ಪೂರೈಸುತ್ತದೆ. ಮೂರು ಭಾಷೆಗಳ ದಾಖಲೆಗಳನ್ನು ಒಟ್ಟಿಗೆ ತೆರೆದಿಡಬೇಕಾದವರಿಗೆ, ದಿನವೂ ಲ್ಯಾಪ್‌ಟಾಪನ್ನು ಹೊತ್ತೊಯ್ಯುವವರಿಗೆ, ವಿಡಿಯೊ ಮೂಲಕ ನ್ಯಾಯಾಲಯದ ಕಲಾಪಕ್ಕೆ ಹಾಜರಾಗಲು ವೈಫೈಗಿಂತ ನೆಚ್ಚತಕ್ಕ ತಂತಿಸಂಪರ್ಕ ಬೇಕಾದವರಿಗೆ ಡಾಕ್ ತನ್ನ ಬೆಲೆಯನ್ನು ಸಲ್ಲಿಸುತ್ತದೆ.

ಇನ್ನು ಕಾನೂನಿನ ಮಾತು. ಕಿರಿಯ ನ್ಯಾಯವಾದಿ ಡಾಕನ್ನು ಮರಳಿ ಒಯ್ದಾಗ ಅಂಗಡಿಯವರು ಕೊಟ್ಟ ಉತ್ತರ ಚಿಕ್ಕದಾಗಿತ್ತು: “ಐಟಮಿನಲ್ಲಿ ಡಿಫೆಕ್ಟ್ ಇಲ್ಲ ಸಾರ್, ಬಾಕ್ಸ್ ಓಪನ್ ಆಗಿದೆ.” ಕೇಳಲು ಕಠಿಣವಾದರೂ ಮಾತಿನ ಮೊದಲರ್ಧ ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸರಕನ್ನು ಮರಳಿ ಪಡೆಯಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ; ಬಿಲ್ಲಿನಲ್ಲಿ ಅವಧಿ ನಮೂದಾಗದಿದ್ದರೆ ಮೂವತ್ತು ದಿನಗಳ ಕಾಲಾವಕಾಶವನ್ನೂ ಕೊಡುತ್ತದೆ. ಆದರೆ ಇಲ್ಲಿ ಸರಕು ದೋಷಯುಕ್ತವಾಗಿರಲಿಲ್ಲ, ಹೊಂದಿಕೆಯಾಗಲಿಲ್ಲ, ಅಷ್ಟೆ.

ಹೊಂದಿಕೆಯಾಗದ ಸರಕಿನ ಬಗ್ಗೆ ಮಾತನಾಡುವ ಕಾನೂನು ಇನ್ನೂ ಹಳೆಯದು. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ 1ನೆಯ ಉಪಕಲಮು ಹೇಳುವುದರ ಸಾರವಿಷ್ಟು: ಕೊಳ್ಳುವವನು ತನಗೆ ಸರಕು ಯಾವ ನಿರ್ದಿಷ್ಟ ಉದ್ದೇಶಕ್ಕಾಗಿ ಬೇಕೆಂಬುದನ್ನು ಮಾರುವವನಿಗೆ ತಿಳಿಸಿ, ಮಾರುವವನ ಕುಶಲತೆಯನ್ನೋ ವಿವೇಚನೆಯನ್ನೋ ನೆಚ್ಚಿಕೊಂಡಿದ್ದರೆ, ಮತ್ತು ಅಂತಹ ಸರಕನ್ನು ಒದಗಿಸುವುದೇ ಮಾರುವವನ ವ್ಯಾಪಾರವಾಗಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಒಪ್ಪಂದದೊಳಗೆ ಅಡಕವಾಗಿರುತ್ತದೆ. ಆದರೆ ಅದಕ್ಕೊಂದು ವಿನಾಯಿತಿಯೂ ಇದೆ. ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರನಾಮದಿಂದಲೇ ಕೇಳಿ ಕೊಂಡ ಒಪ್ಪಂದದಲ್ಲಿ ಆ ಷರತ್ತು ಅಡಕವಾಗುವುದಿಲ್ಲ.

ತೊಂಬತ್ತಕ್ಕಿಂತ ಹೆಚ್ಚು ವರ್ಷಗಳ ಹಿಂದೆ, ಡಾಕಿನ ಕಲ್ಪನೆಯೂ ಇಲ್ಲದ ಕಾಲದಲ್ಲಿ ಬರೆದ ಈ ಸಾಲುಗಳು ಇಂದಿನ ಅಂಗಡಿಯ ಕಟ್ಟೆಗೆ ಚೆನ್ನಾಗಿ ಒಪ್ಪುತ್ತವೆ. “ಇಂತಹ ಕಂಪೆನಿಯ ಇಂತಹ ಮಾದರಿ ಕೊಡಿ” ಎಂದವನು ಆಯ್ಕೆಯ ಹೊಣೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ. ಕಿರಿಯ ನ್ಯಾಯವಾದಿ ಕಂಪೆನಿಯ ಹೆಸರು ಹೇಳಿರಲಿಲ್ಲವಾದರೂ, ವಸ್ತುವನ್ನು ಕೇಳಿದರೇ ಹೊರತು ಉದ್ದೇಶವನ್ನು ತಿಳಿಸಲಿಲ್ಲ; ತಮ್ಮ ಲ್ಯಾಪ್‌ಟಾಪ್ ಯಾವುದೆಂಬುದನ್ನೂ ಹೇಳಲಿಲ್ಲ. ‘ಎಲ್ಲಾ ಲ್ಯಾಪ್‌ಟಾಪಿಗೂ ಆಗ್ತದೆ’ ಎಂಬ ಭರವಸೆಗೆ ಸಾಕ್ಷ್ಯವಿರಲಿಲ್ಲ. ಕಕ್ಷಿದಾರರಿಗೆ ದಿನವೂ ‘ಎಲ್ಲವನ್ನೂ ಬರಹದಲ್ಲಿ ಪಡೆಯಿರಿ’ ಎನ್ನುವವರು ತಮ್ಮ ಸರದಿ ಬಂದಾಗ ಬಾಯಿಮಾತಿಗೆ ಹಣ ಕೊಟ್ಟಿದ್ದರು.

ಉದ್ದೇಶವನ್ನು ಮೊದಲು, ವಸ್ತುವಿನ ಹೆಸರನ್ನು ಬಳಿಕ ಹೇಳುವುದು ತಾಂತ್ರಿಕವಾಗಿಯೂ ಸರಿ, ಕಾನೂನಿನಲ್ಲಿಯೂ ಸರಿ. ‘ನನ್ನ ಲ್ಯಾಪ್‌ಟಾಪ್ ಇಂತಹ ಮಾದರಿ. ಅದರಲ್ಲಿ ಇಂತಹ ಕಿಂಡಿಗಳಿವೆ. ಇಂತಹ ಎರಡು ಮಾನಿಟರುಗಳು ಬೇರೆಬೇರೆ ಪುಟಗಳನ್ನು 60 ಹರ್ಟ್ಸ್ ವೇಗದಲ್ಲಿ ತೋರಿಸಬೇಕು. ಇದಕ್ಕೆ ತಕ್ಕ ಡಾಕ್ ಯಾವುದು?’ ಇಷ್ಟನ್ನು ಅಂಗಡಿಯ ವಾಟ್ಸಾಪ್ ಸಂಖ್ಯೆಗೆ ಕಳುಹಿಸಿ, ಉತ್ತರ ಬಂದ ಮೇಲೆ ಹೋಗಿ ಕೊಳ್ಳುವುದು ಉತ್ತಮ. ಬಿಲ್ಲಿನ ಮೇಲೆ ಲ್ಯಾಪ್‌ಟಾಪಿನ ಮಾದರಿಯನ್ನು ಒಂದು ಸಾಲಿನಲ್ಲಿ ಬರೆಸಿಕೊಂಡರೆ ಇನ್ನೂ ಉತ್ತಮ. ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಒಯ್ದು ಅಂಗಡಿಯಲ್ಲಿಯೇ ಎರಡು ಪರದೆಗಳನ್ನು ಬೆಳಗಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ.

ಗಡಿಯಾಚೆಗೆ ಹೋಗಿ ಕೊಳ್ಳುವ ನಮ್ಮವರಿಗೆ ಸಾಮಾನ್ಯವಾಗಿ ಎರಡು ಸಂದೇಹಗಳಿರುತ್ತವೆ. ಮಂಗಳೂರಿನಲ್ಲಿ ಕೊಂಡ ವಸ್ತುವಿನ ಬಗ್ಗೆ ದೂರು ಕೊಡಲು ಮಂಗಳೂರಿಗೇ ಅಲೆಯಬೇಕೇ ಎಂಬುದು ಮೊದಲನೆಯದು. ಬೇಕಿಲ್ಲ. 2019ರ ಕಾಯ್ದೆಯ 34ನೆಯ ಕಲಮಿನಂತೆ ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಕಾಸರಗೋಡಿನವರು ಕಾಸರಗೋಡಿನಲ್ಲಿಯೇ. ಕಚೇರಿ ಕೆಲಸಕ್ಕೆ ಕೊಂಡದ್ದು ವಾಣಿಜ್ಯ ಉದ್ದೇಶವಾಗಿ ದೂರಿನ ಹಕ್ಕು ತಪ್ಪುವುದೇ ಎಂಬುದು ಎರಡನೆಯದು. ಸ್ವಂತ ದುಡಿಮೆಯ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ತಾನೇ ಬಳಸುವ ವಸ್ತುವನ್ನು ಕಾಯ್ದೆಯ 2(7)ನೆಯ ಕಲಮಿನ ವಿವರಣೆಯು ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಆದರೆ ಕೆಲವು ಸಾವಿರ ರೂಪಾಯಿಗಳ ಡಾಕಿಗಾಗಿ ಆಯೋಗದ ಮೆಟ್ಟಿಲು ಹತ್ತುವುದಕ್ಕಿಂತ, ಕೊಳ್ಳುವ ಮುನ್ನ ಒಂದು ಸಂದೇಶ ಬರೆಯುವುದು ಸುಲಭವಲ್ಲವೇ?

ಕಿರಿಯ ನ್ಯಾಯವಾದಿ ಆಯೋಗಕ್ಕೆ ಹೋಗಲಿಲ್ಲ. ಒಂದಿಷ್ಟು ಹಣವನ್ನು ಕಡಿತ ಮಾಡಿ ಅಂಗಡಿಯವರು ಡಾಕನ್ನು ಮರಳಿ ಪಡೆದರು. ಈ ಸಲ ಲ್ಯಾಪ್‌ಟಾಪನ್ನು ಜೊತೆಯಲ್ಲಿಯೇ ಒಯ್ದಿದ್ದ ನ್ಯಾಯವಾದಿ ಡಿಸ್‌ಪ್ಲೇಲಿಂಕ್ ಡಾಕೊಂದನ್ನು ಅಲ್ಲಿಯೇ ಜೋಡಿಸಿ, ಎರಡು ಪರದೆಗಳು ಬೆಳಗಿದ ಮೇಲೆ ಹಣ ಕೊಟ್ಟರು. ಈಗ ಆ ಕಚೇರಿಯ ಎಡಪರದೆ ನಿಲುವಾಗಿ ನಿಂತಿದೆ. ಅದರಲ್ಲಿ ಮೂಲ ದಸ್ತಾವೇಜು. ನಡುವಿನದರಲ್ಲಿ ವಾದಪತ್ರ. ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಗ್ರಾಮ ಕಚೇರಿಯ ದಾಖಲೆ. ಅಂಕೆಯನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಒಂದು ಕಿಟಕಿಯಿಂದ ಇನ್ನೊಂದಕ್ಕೆ ದಾಟುವ ಪ್ರಸಂಗ ತಪ್ಪಿದೆ.

ಕುಂಬಳೆಯ ವೃದ್ಧರು ಮೊನ್ನೆ ಬಂದವರು ಆ ನಿಲುವಿನ ಪರದೆಯ ಮುಂದೆ ಕುಳಿತು ತಮ್ಮ ಅಜ್ಜನ ಕಾಲದ ಬರಹವನ್ನು ಮೊದಲ ಸಾಲಿನಿಂದ ನಿಧಾನವಾಗಿ ಓದಿದರು. ನ್ಯಾಯವಾದಿಗೆ ಬಿಡಿಸಲಾಗದಿದ್ದ ಎರಡು ಪದಗಳನ್ನು ಬಿಡಿಸಿ ಹೇಳಿದರು. ಒಂದು ತೋಟದ ಹೆಸರಾಗಿತ್ತು, ಇನ್ನೊಂದು ತೋಡಿನದು. ಬಳಿಕ ನಡುವಿನ ಪರದೆಯಲ್ಲಿದ್ದ 69ರ ಕಡೆಗೊಮ್ಮೆ ನೋಡಿ, “ಈಗ ಸರಿ ಉಂಟು” ಎಂದರು. ಅವರ ಮೊಮ್ಮಕ್ಕಳು ಕನ್ನಡ ಓದಲಾರರಂತೆ. ಪರದೆಗಳು ಎಷ್ಟಾದರೂ ಬರಲಿ, ಎಡಗಡೆಯ ಪುಟವನ್ನು ಓದಬಲ್ಲವರೊಬ್ಬರು ಆ ಮೇಜಿನ ಮುಂದೆ ಇರಲೇಬೇಕು.